ಅಳುಕಿನ ಗೆರೆ

ಮೊದಲ ದಿನ ಡಾ. ನೀಲಾಂಬಿಕಾ ಹೊಂಗಲ ಅವರು ನನ್ನ ಸರ್ಟಿಫಿಕೇಟು ಕೇಳಲಿಲ್ಲ. "ಕೈ ಮುಂದ ಮಾಡು, ಉಗುರು ನೋಡೂಣು" ಅಂದರು.

ಮಾಡಿದೆ. ಎರಡೂ ಕೈ ತಿರುವಿ ನೋಡಿ, ಹೆಬ್ಬೆರಳಿನ ಉಗುರು ಇನ್ನಷ್ಟು ಕತ್ತರಿಸಬೇಕು, ಬಳೆ ಬಿಚ್ಚಿಡಬೇಕು, ಮೆಹಂದಿ ಇದ್ದರೆ ಇರಲಿ, ಹಕ್ಕಿಗೆ ಅದರ ತಕರಾರಿಲ್ಲ ಎಂದರು. ಆಮೇಲೆ ಕಿವಿಗೆ ಹೆಡ್‌ಫೋನು ಹಾಕಿ ಕೂರಿಸಿ, ಸಣ್ಣ ದನಿ, ಇನ್ನೂ ಸಣ್ಣ ದನಿ ಕೇಳಿಸಿ ಪರೀಕ್ಷೆ ಮಾಡಿಸಿದರು. ಹಕ್ಕಿ ಹಿಡಿಯುವವರಿಗೆ ಕಿವಿ ಚುರುಕಾಗಿರಲೇಬೇಕಂತೆ. ಅಂಗೈಯೊಳಗಿನ ಹಕ್ಕಿಗೆ ಉಸಿರು ಕಟ್ಟಿದರೆ ಅದು ಕೂಗಿ ಹೇಳುವುದಿಲ್ಲ, ತೀರಾ ತೆಳುವಾದ ಒಂದು ಸದ್ದು ಮಾಡುತ್ತದೆ, ಅಷ್ಟೇ. ಅದು ಕೇಳಿಸದವರಿಗೆ ಪರವಾನಗಿ ಇಲ್ಲ. ಆ ನಿಯಮ ಬರೆದವರೂ ಅವರೇ. ನನಗೋ, ಹೆಣ್ಣು ನೋಡಲು ಬಂದವರ ಮುಂದೆ ಕೂತ ಹಾಗಾಗಿತ್ತು.

ನಾನು ಶಾಹಿದಾ ನದಾಫ್. ಹಳಿಯಾಳದ ಕಡೆಯ ಒಂದು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುವವಳು. ಮಲಗಿದವರ ಎದೆಗೆ ತಣ್ಣನೆಯ ಜೆಲ್ ಹಚ್ಚಿ, ವೈರು ಅಂಟಿಸಿ, ಕಾಗದದ ಮೇಲೆ ಏರಿಳಿಯುವ ಗೆರೆ ನೋಡುತ್ತ ಅರ್ಧ ಆಯುಷ್ಯ ಕಳೆದಿದ್ದೆ. ಹೆಬ್ಬಿದಿರು ಮೀಸಲು ಅರಣ್ಯದ ಹಕ್ಕಿ ಕೇಂದ್ರದವರು ಎದೆಬಡಿತ ಓದಬಲ್ಲವರೊಬ್ಬರು ಬೇಕೆಂದು ಕೇಳಿದಾಗ ನಮ್ಮ ಡಾಕ್ಟರು ನನ್ನ ಹೆಸರು ಕೊಟ್ಟರು. ಕಂಪ್ಯೂಟರಿನ ಮುಂದೆ ನೆರಳಲ್ಲಿ ಕೂರುವ ಕೆಲಸ ಎಂದುಕೊಂಡು ಸಂತೋಷದಿಂದಲೇ ಹೋದೆ. ಆದರೆ ನೀಲಾಂಬಿಕಾ ಅವರು, ಅಲ್ಲಿ ಎಲ್ಲರೂ ಅವರನ್ನು 'ಅಕ್ಕಾರು' ಅನ್ನುತ್ತಿದ್ದರು, ಕೈಯಲ್ಲಿ ಹಕ್ಕಿ ಹಿಡಿಯದವರು ಅದರ ಎದೆಯನ್ನು ಓದಬಾರದು ಎಂದು ಪಟ್ಟು ಹಿಡಿದರು. ಹಾಗಾಗಿ ನಡುವಯಸ್ಸಿನಲ್ಲಿ ನಾನು ಮತ್ತೆ ವಿದ್ಯಾರ್ಥಿನಿಯಾದೆ.

ಹಕ್ಕಿಗೆ ಹಾಕುವ ಕಾಲುಂಗುರದ ಸಂಗತಿ ಈಗ ಎಲ್ಲರಿಗೂ ಗೊತ್ತು, ಆದರೂ ಹೇಳುತ್ತೇನೆ. ಹಿಂದೆ ಅದು ಬರೀ ಒಂದು ಹಗುರ ಲೋಹದ ಪಟ್ಟಿ, ಮೇಲೊಂದು ನಂಬರು. ಹಕ್ಕಿಯನ್ನು ಎಲ್ಲಿ ಹಿಡಿದರು, ಮತ್ತೆ ಎಲ್ಲಿ ಸಿಕ್ಕಿತು ಎಂದು ತಿಳಿಯುತ್ತಿತ್ತು. ಹಿಡಿಸಿಕೊಂಡಾಗ ಅದಕ್ಕೆ ಏನನ್ನಿಸಿತು ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಹಿಡಿಯುವವರೆಲ್ಲ 'ಅದಕ್ಕೇನೂ ಆಗೋದಿಲ್ಲ ಬಿಡಿ' ಅನ್ನುತ್ತಿದ್ದರು. ಹೊಸ ಉಂಗುರದ ಒಳಮೈಗೆ ಕೂದಲಿಗಿಂತ ತೆಳುವಾದ ಒಂದು ಪದರವಿದೆ. ಹಕ್ಕಿಯ ಕಾಲಿನ ರಕ್ತನಾಳ ಮಿಡಿದದ್ದನ್ನು ಅದು ಗುರುತಿಸುತ್ತದೆ. ಬ್ಯಾಟರಿ ಇಲ್ಲ, ಹಕ್ಕಿಯ ಮೈಯ ಬಿಸಿಗೂ ಹೊರಗಿನ ಗಾಳಿಗೂ ಇರುವ ವ್ಯತ್ಯಾಸವೇ ಅದರ ವಿದ್ಯುತ್ತು. ಬಲೆಯ ಕಂಬಗಳಲ್ಲಿ ಉಂಗುರದ ಸಂಕೇತ ಹಿಡಿಯುವ ಗ್ರಾಹಕ ಯಂತ್ರಗಳಿವೆ. ಉಂಗುರ ತೊಟ್ಟ ಹಕ್ಕಿ ಬಲೆಗೆ ಬಿದ್ದ ಕೂಡಲೇ ಅದರ ಎದೆಬಡಿತ ನಿಯಂತ್ರಣ ಕೊಠಡಿಯ ಪರದೆಗೆ ಬರುತ್ತದೆ. ಅದೇ ಹಕ್ಕಿ ನಿದ್ದೆಯಲ್ಲಿದ್ದಾಗ ಉಂಗುರ ಗುರುತಿಟ್ಟುಕೊಂಡ ಬಡಿತವನ್ನು ಲೆಕ್ಕದಿಂದ ಕಳೆದರೆ ಉಳಿಯುವುದು ಹೆದರಿಕೆ. ಅದಕ್ಕೆ ಎಂಜಿನಿಯರುಗಳು ಉದ್ದನೆಯ ಇಂಗ್ಲಿಷ್ ಹೆಸರೊಂದನ್ನು ಇಟ್ಟುಕೊಂಡು ಬಂದಿದ್ದರಂತೆ. ಅಕ್ಕಾರು 'ಅಳುಕು ಅನ್ರಿ, ಸಾಕು' ಅಂದರು. ಅದೇ ಹೆಸರು ಉಳಿಯಿತು.

ಅಳುಕನ್ನು ಅಳೆಯಬಹುದು ಎಂದಾದ ಮೇಲೆ ಲೋಕಕ್ಕೆ ಒಂದು ಹುಚ್ಚೇ ಹಿಡಿಯಿತು ಅನ್ನಿ. ಆಸ್ಪತ್ರೆಯಲ್ಲಿ ಲಸಿಕೆ ಹಾಕಿಸಿಕೊಳ್ಳುವ ಕೂಸುಗಳ ಕಾಲಿಗೆ ಪಟ್ಟಿ ಬಂತು, ಯಾವ ನರ್ಸಮ್ಮನ ಕೈಯಲ್ಲಿ ಕೂಸಿಗೆ ಅಳುಕು ಕಡಿಮೆ ಎಂದು ತಾಯಂದಿರು ವಿಚಾರಿಸಿಕೊಂಡು ಸಾಲು ನಿಲ್ಲತೊಡಗಿದರು. ನಮ್ಮ ಅತ್ತೆ ಬೀಬಿಜಾನ್ ಅಂತೂ ತಮ್ಮ ಮಗನಿಗೊಂದು ಪಟ್ಟಿ ಕಟ್ಟಿ, ಹೆಂಡತಿಯ ತವರಿನವರು ಬಂದಾಗ ಏನು ತೋರಿಸುತ್ತದೋ ನೋಡಬೇಕು ಎಂದರು. ನನ್ನ ಗಂಡ ಮೌಲಾಲಿ ಅಂದು ನಗಲಿಲ್ಲ.

ಹಕ್ಕಿಗಳ ಮಟ್ಟಿಗೆ ಅಳುಕಿನ ನಿಯಮವೂ ಅಕ್ಕಾರದ್ದೇ. ಪರದೆಯ ಮೇಲೆ ಒಂದು ಕೆಂಪು ಗೆರೆ. ಯಾರ ಕೈಯಲ್ಲಿ ಹಕ್ಕಿಗಳ ಸರಾಸರಿ ಅಳುಕು ಆ ಗೆರೆ ದಾಟುತ್ತದೋ ಅವರ ಪರವಾನಗಿ ರದ್ದು, ಎಷ್ಟೇ ದೊಡ್ಡ ವಿಜ್ಞಾನಿಯಾಗಿರಲಿ. ಕಲಿಯುವವರು ಪರವಾನಗಿ ಇದ್ದವರ ಕಣ್ಣೆದುರಿನಲ್ಲಿ ಮಾತ್ರ ಹಕ್ಕಿ ಮುಟ್ಟಬಹುದು. ಹೆಬ್ಬಿದಿರಿನಲ್ಲಿ ಪರವಾನಗಿ ಇದ್ದದ್ದು ಅಕ್ಕಾರಿಗೊಬ್ಬರಿಗೇ. ಅವರದು ಹೋದರೆ ಬಲೆ ಸುತ್ತಿಟ್ಟು ಕೇಂದ್ರಕ್ಕೆ ಬೀಗ ಹಾಕುವುದೇ ಸೈ. ಆದರೆ ಅವರ ಗೆರೆ ಎಲ್ಲರಿಗಿಂತ ಕೆಳಗೆ, ನೆಲಕ್ಕೆ ಅಂಟಿಕೊಂಡಂತೆ ಇರುತ್ತಿತ್ತು. ಹಾಗಾಗಿ ಆ ಮಾತು ಯಾರ ತಲೆಗೂ ಬಂದಿರಲಿಲ್ಲ.

ಅವರು ಹಕ್ಕಿ ಬಿಡಿಸುವುದನ್ನು ನೋಡಬೇಕು. ಬಿದಿರ ಮೆಳೆಗಳ ನಡುವೆ ಕಟ್ಟಿದ ಕಪ್ಪು ಬಲೆ ಬೆಳಗಿನ ಮಬ್ಬಿನಲ್ಲಿ ಮನುಷ್ಯರ ಕಣ್ಣಿಗೂ ಕಾಣುವುದಿಲ್ಲ. ಅದರ ಜೋಲಿಯಲ್ಲಿ ಬಿದ್ದ ಹಕ್ಕಿ ಕಾಲಿಗೆ, ರೆಕ್ಕೆಗೆ, ಕೆಲವೊಮ್ಮೆ ನಾಲಿಗೆಗೂ ದಾರ ಸುತ್ತಿಕೊಂಡಿರುತ್ತದೆ. ಅಕ್ಕಾರು ಹತ್ತಿರ ಹೋಗಿ, ಮೊದಲು ಸುಮ್ಮನೆ ನಿಲ್ಲುವರು. ಅಂಗೈಗೆ ಊದಿ ಬೆಚ್ಚಗೆ ಮಾಡಿಕೊಳ್ಳುವರು. ನಿಧಾನವಾಗಿ ಉಸಿರು ಬಿಟ್ಟು, ಆ ಉಸಿರು ಮುಗಿಯುವ ಹೊತ್ತಿಗೆ ಕೈ ಹಾಕುವರು. ಹಕ್ಕಿ ಯಾವ ಕಡೆಯಿಂದ ಬಂದಿತ್ತೋ ಆ ಕಡೆಯಿಂದಲೇ, ಮೊದಲು ಕಾಲು, ಆಮೇಲೆ ರೆಕ್ಕೆ, ಕೊನೆಗೆ ತಲೆ. ನೋಡನೋಡುತ್ತಿದ್ದಂತೆ ಅದರ ಬೆನ್ನು ಅವರ ಅಂಗೈಯಲ್ಲಿ, ಕತ್ತು ಎರಡು ಬೆರಳುಗಳ ನಡುವೆ. ಹಿಡಿದಿದ್ದಾರೆ ಎನ್ನುವ ಹಾಗಿಲ್ಲ, ಬಿಟ್ಟಿದ್ದಾರೆ ಎನ್ನುವ ಹಾಗೂ ಇಲ್ಲ. ಆಸ್ಪತ್ರೆಯಲ್ಲಿ ಎಷ್ಟೋ ದೊಡ್ಡ ಡಾಕ್ಟರುಗಳ ಕೈ ನೋಡಿದ್ದೇನೆ. ಅಂಥ ಕೈ ನೋಡಿರಲಿಲ್ಲ.

ನನ್ನ ಮೊದಲ ಹಕ್ಕಿ ಒಂದು ಪಿಕಳಾರ. ಅದು ನನ್ನ ಬೆರಳು ಕಚ್ಚಿತು, ನಾನು ಬಿಗಿಹಿಡಿದೆ, ನಿಯಂತ್ರಣ ಕೊಠಡಿಯಿಂದ ವಾಕಿಟಾಕಿಯಲ್ಲಿ ಪ್ರಭಾಕರ ಗಾಂವಕರ ಅವರ ನರಳಿಕೆ ಕೇಳಿತು. ಗಾಂವಕರರು ಅಂಕೋಲೆಯವರು, ಪರದೆಯ ಮುಂದೆ ಕೂತು ಗೆರೆ ಕಾಯುವ ಎಂಜಿನಿಯರು. "ಅಲ್ಲ ಮಾರಾಯ್ತಿ, ಹಕ್ಕಿ ಹಿಡದ್ಯೋ, ಕಳ್ಳನ್ನ ಹಿಡದ್ಯೋ?" ಎಂದರು.

ಅಕ್ಕಾರು ಬೈಯಲಿಲ್ಲ. "ಅಂಜಿದ ಕೈ ಬಿಗಿ ಹಿಡೀತೈತಿ, ಶಾಹಿದಾ. ಮೊದಲ ಉಸರ ಬಿಡು, ಆಮ್ಯಾಲ ಕೈ ಹಾಕು" ಎಂದಷ್ಟೇ ಹೇಳಿದರು.

ಮಧ್ಯಾಹ್ನ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ಅವರ ಇನ್ನೊಂದು ಪಾಠ. ನಾವಿಬ್ಬರೂ ಒಂದೇ ಮನೆಯಲ್ಲಿದ್ದೆವು, ಅವರು ರೊಟ್ಟಿ ಬಡಿದರೆ ನಾನು ಪಲ್ಯ. ನಮ್ಮ ಕಡೆ ಹೆಂಗಸರು ಬಾಚಿದಾಗ ಉದುರಿದ ಕೂದಲನ್ನು ಎಸೆಯುತ್ತಿರಲಿಲ್ಲ; ಉಂಡೆ ಕಟ್ಟಿ ಗೋಡೆಯ ಸಂದಿಯಲ್ಲಿ ಸಿಕ್ಕಿಸಿಟ್ಟು, ಪಿನ್ನು ಪಾತ್ರೆ ಮಾರುವವಳು ಬಂದಾಗ ಕೊಡುತ್ತಿದ್ದರು. ಅಕ್ಕಾರ ಅಡುಗೆಮನೆಯ ಗೋಡೆಯಲ್ಲೂ ಅಂಥ ನರೆಗೂದಲ ಉಂಡೆಗಳಿದ್ದವು, ಆದರೆ ಪಾತ್ರೆಗಲ್ಲ. ಹತ್ತಿಯ ತುಣುಕಿಗೆ ಆ ಕೂದಲು ಸುತ್ತಿ, ಗಂಟು ಹಾಕಿ ನನ್ನ ಮುಂದಿಡುವರು. ಒಂದು ಎಳೆ ಹರಿಯದೆ, ಹತ್ತಿ ಚಪ್ಪಟೆಯಾಗದೆ ಬಿಡಿಸಬೇಕು. ರೊಟ್ಟಿ ಬಡಿಯುತ್ತಲೇ ಕಡೆಗಣ್ಣಲ್ಲಿ ನೋಡುವರು. ಎಳೆ ಹರಿದರೆ ಅವತ್ತು ನನಗೆ ಮೊದಲ ಬಿಸಿ ರೊಟ್ಟಿ ಇಲ್ಲ. ತಿಂಗಳುಗಟ್ಟಲೆ ತಣ್ಣನೆಯ ರೊಟ್ಟಿ ತಿಂದೆ. ಮೆಲ್ಲಗೆ ನನ್ನ ಗೆರೆಯೂ ಇಳಿಯುತ್ತ ಬಂತು.

ಅದೇ ಹೊತ್ತಿಗೆ ಅಕ್ಕಾರ ಗೆರೆ ಏರತೊಡಗಿತು.

ಮೊದಲು ನೋಡಿದವಳು ನಾನೇ. ಬೇಸಿಗೆ ಶುರುವಾಗಿತ್ತು. ಮಧ್ಯಾಹ್ನ ಪರದೆಯ ಮುಂದೆ ಕೂತು ಬೆಳಗಿನ ಬಡಿತಗಳನ್ನು ಓದುತ್ತಿದ್ದೆ. ಅಕ್ಕಾರು ಬಿಡಿಸಿದ ಒಂದು ನೆಲಸಿಳ್ಳಾರದ ಗೆರೆ, ಅವರು ಬಲೆಯ ಬಳಿ ಬಂದು ನಿಂತಾಗ ಸಮಾಧಾನವಾಗಿದ್ದದ್ದು, ಅವರು ಬಗ್ಗಿದ ಕ್ಷಣ ಗೋಡೆ ಹತ್ತಿದಂತೆ ಏರಿತ್ತು. ಇನ್ನೂ ಮುಟ್ಟಿಯೇ ಇಲ್ಲ. ಮರುದಿನವೂ ಹಾಗೇ, ಆ ವಾರವೆಲ್ಲ ಹಾಗೇ.  ಮನುಷ್ಯರ ಎದೆಯಲ್ಲಿ ಅಂಥ ಗೆರೆ ಕಂಡರೆ ನಾನು ಓಡಿಹೋಗಿ ಡಾಕ್ಟರನ್ನು ಕರೆಯುತ್ತಿದ್ದೆ. ಇಲ್ಲಿ ಯಾರನ್ನು ಕರೆಯುವುದು?

ಗಾಂವಕರರಿಗೆ ತೋರಿಸಿದೆ. ಅವರೂ ಸಪ್ಪಗಾದರು. ವಾರ್ಷಿಕ ಪರಿಶೀಲನೆಗೆ ಮಂಡಳಿಯವರು ಬರುವ ಸಮಯ ಹತ್ತಿರವಾಗಿತ್ತು. ಹೀಗೇ ಏರಿದರೆ ಸರಾಸರಿ ಕೆಂಪು ಗೆರೆ ದಾಟುವುದು ಖಂಡಿತ. ಅಕ್ಕಾರಿಗೆ ವಯಸ್ಸಾಯಿತು, ಕೈ ನಡುಗುತ್ತಿರಬೇಕು ಎಂದು ಇಬ್ಬರ ಮನಸ್ಸಿನಲ್ಲೂ ಇತ್ತು.  ಆದರೆ ನಾನು ದಿನಾ ಪಕ್ಕದಲ್ಲಿ ನಿಲ್ಲುವವಳು, ಆ ಕೈ ನಡುಗುವುದಿಲ್ಲ ಎಂದು ನನಗೆ ಗೊತ್ತಿತ್ತು.

ಆಗ ಗಿಡುಗದ ಮಾತು ಬಂತು. ಪುಟ್ಟ ಹಕ್ಕಿಗಳು ಮೇಲೆ ಗಿಡುಗ ಕಂಡರೆ 'ಸ್ಸೀ' ಎಂದು ತೆಳುವಾಗಿ, ಉದ್ದಕ್ಕೆ ಒಂದು ಸಿಳ್ಳು ಹಾಕುತ್ತವೆ. ಕೇಳಿದ ಹಕ್ಕಿಗಳೆಲ್ಲ ಇದ್ದಲ್ಲೇ ಕಲ್ಲಾಗುತ್ತವೆ, ಎದೆ ಮಾತ್ರ ಹುಚ್ಚಾಪಟ್ಟೆ ಹೊಡೆದುಕೊಳ್ಳುತ್ತದೆ. ಅದನ್ನು ಗುರುತಿಸಲು ಅಕ್ಕಾರೇ ನನಗೆ ಕಲಿಸಿದ್ದು. ಇತ್ತೀಚೆಗೆ ಬಲೆಯ ಬಳಿ ಆ ಸಿಳ್ಳು ಪದೇ ಪದೇ ಕೇಳುತ್ತಿತ್ತು, ಕೇಳಿದೊಡನೆ ಕಾಡು ಬಾಯಿ ಮುಚ್ಚುತ್ತಿತ್ತು. ಹೊಸದಾಗಿ ಕಲಿತವಳ ಉಮೇದು ನನಗೆ. "ಗಿಡಗ ಬಂತ್ರಿ ಅಕ್ಕಾರ" ಎಂದು ಪಿಸುಗುಡುತ್ತಿದ್ದೆ. ಅವರು ತಲೆ ಎತ್ತಿ ಆಕಾಶ ನೋಡಿ ಹೂಂಗುಡುತ್ತಿದ್ದರು. ಗಾಂವಕರರಿಗೂ ಜೀವ ಬಂತು. ತಪ್ಪು ಅಕ್ಕಾರದ್ದಲ್ಲ, ಗಿಡುಗದ್ದು. ಡ್ರೋನು ಹಾರಿಸಿ ಗೂಡು ಹುಡುಕಿದರು. ಹೆಬ್ಬಿದಿರಿನ ತುದಿತುದಿಯನ್ನೂ ಜಾಲಾಡಿದರು. ಗೂಡಿಲ್ಲ, ಪುಕ್ಕವಿಲ್ಲ, ಗಿಡುಗದ ನೆರಳೂ ಇಲ್ಲ.

"ಅಕ್ಕಾರು ಬಲೆ ಹತ್ರ ಹೋದಾಗ ಮಾತ್ರ ಬತ್ತದೆ ನೋಡು ಅದು. ಗಿಡುಗಕ್ಕೂ ಅವರ ಪರಿಚಯ ಆಯ್ದು ಕಾಣ್ತದೆ" ಎಂದು ಗಾಂವಕರರು ಹಾಸ್ಯ ಮಾಡಿದರು. ನಾನೂ ನಕ್ಕೆ. ಬೇರೆ ಯಾರಾದರೂ ಆಗಿದ್ದರೆ ಆ ಸದ್ದು ಕೇಳಿ ಏನಪ್ಪಾ ಇದು ಎಂದು ಸುತ್ತ ನೋಡುತ್ತಿದ್ದರು. ನಾವು ಹಕ್ಕಿಯವರು, ಮೇಲೆ ನೋಡಿದೆವು.

ರಂಜಾನಿಗೆ ರಜೆ ಹಾಕಿ ಊರಿಗೆ ಹೋದೆ. ಹೋದ ದಿನ ಸಂಜೆ ಅತ್ತೆ ಅಂಗಳದಲ್ಲಿ ಅಕ್ಕಿ ಹಸನು ಮಾಡಿ, ನುಚ್ಚನ್ನು ಗುಬ್ಬಿಗಳಿಗೆ ಚೆಲ್ಲಿ, ಕೈಕಾಲು ತೊಳೆದುಕೊಂಡು ಪಡಸಾಲೆಯಲ್ಲಿ ನಮಾಜಿಗೆ ನಿಂತರು. ದುಪಟ್ಟಾವನ್ನು ತಲೆಯ ಸುತ್ತ ಬಿಗಿಯಾಗಿ ಎಳೆದುಕೊಂಡು ಬಗ್ಗಿದರು. 'ಸ್ಸೀ' ಎಂದು ಸಿಳ್ಳು ಕೇಳಿತು. ಅಂಗಳದ ಗುಬ್ಬಿಗಳೆಲ್ಲ ಒಂದೇ ಏಟಿಗೆ ದಾಸವಾಳದ ಗಿಡದೊಳಗೆ ಹೊಕ್ಕವು. ನಾನು ಅಭ್ಯಾಸಬಲದಿಂದ ತಲೆ ಎತ್ತಿ ಆಕಾಶ ನೋಡಿದೆ.

ಮೌಲಾಲಿ ನಕ್ಕು, "ಮ್ಯಾಲೇನ್ ನೋಡ್ತಿ? ಅಮ್ಮಾನ ಕಿವೀ ಮಿಷನ್ನು ಅದು" ಅಂದ. ಹೊಸದಾಗಿ ತಂದದ್ದಂತೆ. ಮೇಲೆ ಬಟ್ಟೆ ಒತ್ತಿದರೆ ಅದರೊಳಗಿನ ಸದ್ದು ಹೊರಗೆ ಸೋರಿ, ಮತ್ತೆ ಒಳಗೆ ಹೋಗಿ, ಸುತ್ತಿ ಸುತ್ತಿ ಸಿಳ್ಳಾಗುತ್ತದಂತೆ. ಮನೆಯವರೆಲ್ಲರ ತಲೆ ತಿನ್ನುವ ಆ ಸಿಳ್ಳು ಅಮ್ಮನೊಬ್ಬರಿಗೇ ಕೇಳಿಸುವುದಿಲ್ಲ ಎಂದು ಅವನಿಗೆ ತಮಾಷೆ. ಅತ್ತೆ ಪಾಪ, ಏನೂ ತಿಳಿಯದೆ ನಮಾಜು ಮುಗಿಸಿ, ಗುಬ್ಬಿಗಳು ಯಾಕೆ ಹೋದವು ಎಂದು ನಮ್ಮನ್ನೇ ಕೇಳಿದರು.

ನಾನು ಅಲ್ಲೇ ಜಗಲಿಯ ಮೇಲೆ ಕೂತುಬಿಟ್ಟೆ. ಉಣ್ಣಿ ಕಾಟ ಎಂದು ಹೇಳಿ ಅಕ್ಕಾರು ಬೇಸಿಗೆಯ ಶುರುವಿನಿಂದ ತಲೆಗೆ ಸ್ಕಾರ್ಫು ಕಟ್ಟುತ್ತಿದ್ದರು. ಅಡುಗೆಮನೆಯ ಸೆಖೆಯಲ್ಲೂ ಬಿಚ್ಚುತ್ತಿರಲಿಲ್ಲ. ನಾನು ಗಿಡಗ ಅಂದಾಗ ಅವರು ತಲೆ ಎತ್ತುತ್ತಿದ್ದದ್ದು ಸಿಳ್ಳು ಕೇಳಿ ಅಲ್ಲ, ನನ್ನ ಮಾತು ಕೇಳಿ. ನನಗೆ ಅಳು ಬಂತು. ಹಬ್ಬದ ಶೀರಖುರ್ಮಾ ಉಂಡು, ಎರಡು ದಿನ ಮೊದಲೇ ಹೊರಟೆ. ಅತ್ತೆ ಸಿಟ್ಟು ಮಾಡಿಕೊಂಡರು, ಮಾಡಿಕೊಳ್ಳಲಿ ಎಂದು ಬಿಟ್ಟೆ.

ಮರಳಿದಾಗ ಅಕ್ಕಾರು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ಎದುರಿಗೆ ಕೂತೆ. ಕೂದಲ ಉಂಡೆಯೊಂದನ್ನು ಗೋಡೆಯಿಂದ ತೆಗೆದು ಬಿಡಿಸತೊಡಗಿದೆ. ಬರೀ ಕೈಯಲ್ಲಿ ಆ ಮಾತು ಆಡಲು ಧೈರ್ಯ ಇರಲಿಲ್ಲ.

"ಅಕ್ಕಾರ, ಆ ಗಿಡಗ ಎಲ್ಲಿ ಕುಂತೈತಿ ನನಗ ಗೊತ್ತಾತ್ರಿ."

"ಎಲ್ಲಿ?"

"ನಿಮ್ಮ ಸ್ಕಾರ್ಫಿನೊಳಗ."

ರೊಟ್ಟಿ ಬಡಿಯುವ ಸದ್ದು ನಿಂತಿತು. ಅತ್ತೆಯ ನಮಾಜಿನಿಂದ ಹಿಡಿದು ಗುಬ್ಬಿಗಳವರೆಗೆ ಎಲ್ಲ ಹೇಳಿದೆ. ಅವರು ಹಿಟ್ಟಿನ ಕೈ ಒರೆಸಿಕೊಂಡು ಸ್ಕಾರ್ಫು ಬಿಚ್ಚಿದರು. ಎರಡೂ ಕಿವಿಯ ಹಿಂದೆ ಬೀಜದಷ್ಟು ಯಂತ್ರಗಳು. ಹಕ್ಕಿಯ ಎತ್ತರದ ದನಿಗಳನ್ನೇ ದೊಡ್ಡದು ಮಾಡಿ ಕೇಳಿಸುವಂತೆ ಅವರು ಹೇಳಿ ಮಾಡಿಸಿದ್ದಂತೆ. ಅದಕ್ಕೇ ಅದರ ಸಿಳ್ಳು ಅತ್ತೆಯದಕ್ಕಿಂತ ತೆಳುವಾಗಿ, ಥೇಟ್ ಹಕ್ಕಿಯದೇ ಆಗಿತ್ತು. ಆ ಸಿಳ್ಳನ್ನು ಕೇಳುವ ಶಕ್ತಿ ಅವರ ಕಿವಿಯಲ್ಲಿ ಪೂರ್ತಿ ಸತ್ತಿತ್ತು, ಯಂತ್ರಕ್ಕೂ ಅದನ್ನು ಎಬ್ಬಿಸಲಾಗಿರಲಿಲ್ಲ.

"ಮೊದಲ ಬದನಿಕೆ ಹಕ್ಕಿ ಹೋತು," ಎಂದರು ಅಕ್ಕಾರು. "ಆಮ್ಯಾಲ ಬೆಳ್ಗಣ್ಣ, ಆಮ್ಯಾಲ ಸೂರಕ್ಕಿ. ಕಾಡ ಖಾಲಿ ಆಗಾಕತ್ತೈತಿ ಅಂತ ತಿಳಕೊಂಡೆ ನೋಡ ನಾ. ಅಳತಿದ್ದೆ. ಆದ್ರ ನೆಟ್ ಹಾಕಿದ್ರ ಎಲ್ಲಾ ಬೀಳತಿದ್ವು. ಹೋಗಿದ್ದು ಹಕ್ಕಿ ಅಲ್ಲ, ನನ್ನ ಕಿವಿ ಅಂತ ತಿಳಿಯಾಕ ಒಂದ್ ಮಳಿಗಾಲನ ಬೇಕಾತು."

ಯಂತ್ರ ಹಾಕಿದ ಮೊದಲ ಬೆಳಗ್ಗೆ ಸೂರಕ್ಕಿಯ ದನಿ ಮರಳಿ ಬಂದಾಗ ಮೆಳೆಯ ಬುಡದಲ್ಲಿ ಕೂತು ಮತ್ತೆ ಅತ್ತರಂತೆ. ಆದರೆ ಕಿವಿ ಹೋದವರಿಗೆ ಪರವಾನಗಿ ಇಲ್ಲ ಎಂದು ಬರೆದದ್ದು ತಾವೇ. ಅದಕ್ಕೆ ಮುಚ್ಚಿಟ್ಟರು. ಮುಚ್ಚಿಟ್ಟದ್ದಕ್ಕೇ ಅದು ಸಿಳ್ಳು ಹಾಕಿತು. ತಿಂಗಳುಗಟ್ಟಲೆ ಪ್ರತಿ ಹಕ್ಕಿಯ ತಲೆಯ ಮೇಲೂ ತಾವೇ ಒಂದು ಗಿಡುಗವನ್ನು ಹೊತ್ತುಕೊಂಡು ಹೋಗಿ ನಿಂತಿದ್ದೆವಲ್ಲ ಎಂಬುದು ಅವರನ್ನು ಹಿಂಡಿತು. ಪರವಾನಗಿಯ ಮಾತು ಅವತ್ತು ಅವರು ಎತ್ತಲೇ ಇಲ್ಲ. ಒಲೆಯ ಮೇಲಿನ ರೊಟ್ಟಿ ಕರಿದಾಗಿತ್ತು. ಅದನ್ನು ತಮ್ಮ ತಟ್ಟೆಗೆ ಹಾಕಿಕೊಂಡು, ಇನ್ನೊಂದನ್ನು ಸುಟ್ಟು ಬಿಸಿಬಿಸಿಯಾಗಿ ನನ್ನ ತಟ್ಟೆಗೆ ಹಾಕಿದರು.

ಪರಿಶೀಲನೆಗೆ ಬಂದವರು ಡಾ. ಚಂಗಪ್ಪ ಎಂಬ ಕೊಡಗಿನವರು, ಅಕ್ಕಾರ ಬಗ್ಗೆ ಬಹಳ ಗೌರವ ಇದ್ದವರು. ಅವತ್ತು ಎರಡು ಕೆಲಸ: ಅಕ್ಕಾರ ಪರವಾನಗಿಯ ತೀರ್ಮಾನ, ನನ್ನ ಪರೀಕ್ಷೆ. ನನ್ನದು ಮೊದಲು. ಬಲೆಯಲ್ಲಿ ಹಳೆಯ ಉಂಗುರದ ಪಿಕಳಾರವೊಂದಿತ್ತು. ಉಸಿರು ಬಿಟ್ಟೆ, ಕೈ ಹಾಕಿದೆ. ಕೂದಲಿನ ಗಂಟು ಎಂದೇ ಅಂದುಕೊಂಡೆ. ಅದು ಕಚ್ಚಿತು, ಕಚ್ಚಲಿ ಎಂದು ಬಿಟ್ಟೆ. ಗೆರೆಯ ಕೆಳಗೇ ಉಳಿದೆ ಎಂದು ಗಾಂವಕರರು ವಾಕಿಟಾಕಿಯಲ್ಲಿ ಹೇಳಿದರು. ತುಸುವೇ ಕೆಳಗೆ ಎಂದು ಹೇಳುವುದನ್ನೂ ಮರೆಯಲಿಲ್ಲ. ಚಂಗಪ್ಪನವರು ನನ್ನ ಕೈ ಕುಲುಕಿ, ನೀವು ಪಾಸು ಎಂದರು.

ಆಮೇಲೆ ಅಕ್ಕಾರ ಸರದಿ. ಗಾಂವಕರರು ಗಿಡುಗದ ವಿಷಯವನ್ನು ವರದಿಯಲ್ಲಿ ವಿವರವಾಗಿಯೇ ಬರೆದಿದ್ದರು. ಚಂಗಪ್ಪನವರು ಅದನ್ನು ಒಪ್ಪಿಕೊಂಡಿದ್ದರು. ಇವತ್ತಿನ ಹಕ್ಕಿ ಗೆರೆಯ ಕೆಳಗಿದ್ದರೆ ಗಿಡುಗದ ತಿಂಗಳುಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಪರವಾನಗಿ ಮುಂದುವರಿಯುತ್ತದೆ ಎಂದರು. ನಾನು ಅಕ್ಕಾರ ಮುಖ ನೋಡಿದೆ. ತಲೆಗೆ ಸ್ಕಾರ್ಫು ಇರಲಿಲ್ಲ, ಕಿವಿಯ ಹಿಂದೆ ಏನೂ ಇರಲಿಲ್ಲ. ಯಂತ್ರ ಜೇಬಿನಲ್ಲಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಕಿವಿ ಪರೀಕ್ಷೆ ಹೊಸಬರಿಗೆ ಮಾತ್ರ, ಅವರನ್ನು ಯಾರೂ ಕೇಳುತ್ತಿರಲಿಲ್ಲ. ನಾನಂತೂ ಹೇಳುತ್ತಿರಲಿಲ್ಲ, ದೇವರಾಣೆ.

ಜೋಲಿಯಲ್ಲಿ ಬಿದ್ದಿದ್ದದ್ದು ಒಂದು ನೀಲಿ ನೊಣಹಿಡುಕ, ಹಿಂದೆಂದೋ ಅವರೇ ಉಂಗುರ ತೊಡಿಸಿದ್ದು. ಅಕ್ಕಾರು ನಿಂತರು. ಅಂಗೈಗೆ ಊದಿದರು. ಬಗ್ಗಿದರು. ಸಿಳ್ಳಿಲ್ಲ, ಕಾಡು ಮಾತಾಡುತ್ತಲೇ ಇತ್ತು. ಕಾಲು, ರೆಕ್ಕೆ, ತಲೆ. ಹಕ್ಕಿ ಅವರ ಅಂಗೈಯಲ್ಲಿ ಮಲಗಿತು. ಅಳೆದರು, ಹೊಟ್ಟೆಯ ಪುಕ್ಕ ಊದಿ ಕೊಬ್ಬು ನೋಡಿದರು, ಉಂಗುರ ಸಡಿಲವಾಗಿದೆಯೇ ಎಂದು ತಿರುಗಿಸಿ ನೋಡಿದರು. ವಾಕಿಟಾಕಿಯಲ್ಲಿ ಸದ್ದೇ ಇಲ್ಲ. ಯಂತ್ರ ಕೆಟ್ಟಿತೇ ಎಂದು ಚಂಗಪ್ಪನವರು ಕೇಳಿದರು.

"ಕೆಟ್ಟಿಲ್ಲ ಸರ್," ಎಂದರು ಗಾಂವಕರರು. "ಅಳುಕೇ ಇಲ್ಲ. ನಿದ್ದೆಲಿದ್ದಾಗ ಹ್ಯಾಗೋ ಹಾಗೇ ಅದೆ. ಇಂಥದ್ದು ನಾ ಒಂದು ಸಲನೂ ಕಂಡಿಲ್ಲ."

ಅಕ್ಕಾರು ಅಂಗೈ ಬಿಚ್ಚಿದರು. ಹಕ್ಕಿ ಒಂದು ಗಳಿಗೆ ಅಲ್ಲೇ ಇದ್ದು, ಹಾರಿಹೋಗಿ ಎದುರಿನ ಬಿದಿರ ಕಡ್ಡಿಯ ಮೇಲೆ ಕೂತಿತು. 'ಟಿಕ್ ಟಿಕ್' ಅಂದಿತು. ಆಮೇಲೆ ಗಂಟಲು ಉಬ್ಬಿಸಿ ಹಾಡಿತು. ಕೈಯಿಂದ ಬಿಟ್ಟ ಹಕ್ಕಿ ನಿಂತ ನಿಲುವಿನಲ್ಲೇ ಹಾಡಿದ್ದನ್ನು ನಾವ್ಯಾರೂ ಅಲ್ಲಿಯವರೆಗೆ ಕೇಳಿರಲಿಲ್ಲ. ಚಂಗಪ್ಪನವರು ನಗುತ್ತ ಜೇಬಿನಿಂದ ಪೆನ್ನು ತೆಗೆದರು.

ಅಕ್ಕಾರು ಆ ಕಡ್ಡಿಯನ್ನೇ ನೋಡುತ್ತಿದ್ದರು. ಹಕ್ಕಿಯ ಗಂಟಲು ಅಲ್ಲಾಡುವುದು ಅವರಿಗೆ ಕಂಡಿರಬೇಕು. ಅವರು ನನ್ನ ಕಡೆ ತಿರುಗಿದರು. ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಕೇಳಿದರು.

"ಶಾಹಿದಾ, ಏನಂತು ಅದು?"

ಚಂಗಪ್ಪನವರ ಪೆನ್ನು ಅಲ್ಲೇ ನಿಂತಿತು.  ಏನೋ ಒಂದು ಹೇಳಿ ಮಾತು ಹಾರಿಸೋಣವೇ ಎಂದು ನನಗೆ ಒಂದು ಕ್ಷಣ ಅನ್ನಿಸಿತು. ಆದರೆ ಅವರು ಕೇಳಿದ್ದು ಪರೀಕ್ಷೆಯ ಪ್ರಶ್ನೆಯಲ್ಲ, ನಿಜವಾಗಿಯೂ ಅವರಿಗೆ ಗೊತ್ತಾಗಬೇಕಿತ್ತು.

"ಟಿಕ್ ಟಿಕ್ ಅಂತ್ರಿ ಅಕ್ಕಾರ. ಆಮ್ಯಾಲ ಹಾಡತು."

"ಹಾಡತೇನು?"

"ಹಾಡತ್ರಿ. ಇನ್ನೂ ಹಾಡಾಕತ್ತೈತಿ."

ಅವರು ತಲೆಯಾಡಿಸಿದರು. ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ಮಾತ್ರ ಮದುವೆಮನೆಯ ಸಂಭ್ರಮ. ಆಮೇಲೆ ಜೇಬಿನಿಂದ ಆ ಬೀಜದಂಥ ಯಂತ್ರಗಳನ್ನು ತೆಗೆದು ಚಂಗಪ್ಪನವರ ಅಂಗೈಗೆ ಹಾಕಿ, ಇದೇ ನಿಮ್ಮ ಗಿಡುಗ ಎಂದು ಎಲ್ಲ ಹೇಳಿದರು. ಚಂಗಪ್ಪನವರು ಪೆನ್ನನ್ನು ಮತ್ತೆ ಜೇಬಿಗೆ ಹಾಕಿಕೊಂಡರು. ನಿಯಮ ತಿದ್ದೋಣ, ನಿಮ್ಮಂಥವರಿಗೆ ವಿನಾಯಿತಿ ಕೊಡೋಣ ಎಂದು ಮೆಲ್ಲಗೆ ಅಂದರು. ನಾನು ಅದನ್ನು ಅಕ್ಕಾರಿಗೆ ಜೋರಾಗಿ ಹೇಳಬೇಕಾಯಿತು.

"ತಿದ್ದಬ್ಯಾಡ್ರಿ," ಎಂದರು ಅಕ್ಕಾರು. "ಕೈಯಾಗ ಹಕ್ಕಿ ಉಸರ ಕಟ್ಟಿದ್ರ ನನಗ ಕೇಳಸೂದಿಲ್ಲ. ಅದಕ್ಕ ನನ್ನ ಮ್ಯಾಲಿನ ಗೌರವದಿಂದ ಏನಾಗಬೇಕು?"

ಪರವಾನಗಿಯನ್ನು ಅವರೇ ಮರಳಿ ಕೊಟ್ಟರು. ಕೇಂದ್ರಕ್ಕೆ ಬೀಗ ಬೀಳಲಿಲ್ಲ. ಅವತ್ತು ಬೆಳಗ್ಗೆಯೇ ಪಾಸಾದವಳೊಬ್ಬಳು ಇದ್ದಳಲ್ಲ. ಚಂಗಪ್ಪನವರ ಜೀಪು ಹೋದ ಮೇಲೆ ನಾನು ಬಿದಿರ ಬುಡದಲ್ಲಿ ಕೂತು ಅತ್ತೆ. ಆ ಕೈ ಇನ್ನು ಹಕ್ಕಿ ಮುಟ್ಟುವುದಿಲ್ಲ ಎಂಬುದನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಅಕ್ಕಾರು ಸ್ವಲ್ಪ ಹೊತ್ತು ಅಳಲು ಬಿಟ್ಟು, ನಿಯಮ ಸರಿಯಾಗಿ ಓದಿಲ್ಲ ನೀನು ಎಂದು ಬೈದರು. ಕಲಿಯುವವರು ಪರವಾನಗಿ ಇದ್ದವರ ಕಣ್ಣೆದುರಿನಲ್ಲಿ ಹಕ್ಕಿ ಮುಟ್ಟಬಹುದು. ಕಲಿಯುವವರಿಗೆ ವಯಸ್ಸಿನ ಮಿತಿ ಹಾಕಿಲ್ಲ. ಕಿವಿ ಕೇಳಬೇಕಾದದ್ದು ಪಕ್ಕದಲ್ಲಿ ನಿಂತು ಹೊಣೆ ಹೊರುವವರಿಗೆ. ಅದನ್ನು ಬರೆದದ್ದೂ ತಾವೇ ಎಂದು ನಕ್ಕರು.

ಹಾಗಾಗಿ ಹೆಬ್ಬಿದಿರಿನಲ್ಲಿ ಈಗ ನನಗೊಬ್ಬರು ವಿದ್ಯಾರ್ಥಿನಿ. ಸಂಜೆ ಜಗಲಿಯಲ್ಲಿ ಬರಿದಲೆಯಲ್ಲಿ ಯಂತ್ರ ಹಾಕಿಕೊಂಡು ಕೂತು ಸೂರಕ್ಕಿ ಕೇಳುತ್ತಾರೆ. ಬೆಳಗ್ಗೆ ಬಲೆಯ ಕಡೆ ಹೊರಡುವ ಮುನ್ನ ಅದನ್ನು ತೆಗೆದು ಡಬ್ಬಿಯಲ್ಲಿಡುತ್ತಾರೆ. ಆಮೇಲೆ ನನ್ನ ಮುಂದೆ ಬಂದು ಎರಡೂ ಕೈ ಚಾಚುತ್ತಾರೆ. ನಾನು ಉಗುರು ನೋಡುತ್ತೇನೆ. ಬಿಟ್ಟರೆ ಅವರೇ ಬೈಯುತ್ತಾರೆ.

ಅವರು ಹಿಡಿಯುತ್ತಾರೆ, ನಾನು ಪಕ್ಕದಲ್ಲಿ ನಿಂತು ಹಕ್ಕಿಯ ಉಸಿರು ಕೇಳುತ್ತೇನೆ. ಅಂಗೈ ಬಿಚ್ಚಿದ ಮೇಲೆ ಅವರು ಹಕ್ಕಿಯ ಕಡೆ ನೋಡುವುದಿಲ್ಲ, ನನ್ನ ಬಾಯಿಯ ಕಡೆ ನೋಡುತ್ತಾರೆ. ಬೆಳ್ಗಣ್ಣ ಹೀಗಂತು, ನೆಲಸಿಳ್ಳಾರ ಹೀಗಂತು ಎಂದು ನಾನು ಹೇಳಬೇಕು, ಕೆಲವೊಮ್ಮೆ ಅಣಕಿಸಿಯೂ ತೋರಿಸಬೇಕು. ಗಾಂವಕರರಿಗೆ ನಗು. ಹೆಚ್ಚಿನ ಹಕ್ಕಿಗಳು ಏನೂ ಅನ್ನದೆ ಹೋಗುತ್ತವೆ. ಹಾಡಿತು ಎಂದು ಒಂದು ದಿನವೂ ಸುಳ್ಳು ಹೇಳಿಲ್ಲ. "ಏನೂ ಅನಲಿಲ್ಲ ರೀ ಅಕ್ಕಾರ" ಎಂದೇ ಹೇಳುತ್ತೇನೆ. "ಇರಲಿ, ನಾಳೆ ಕೇಳೂಣು" ಎಂದು ಅವರು ಮುಂದಿನ ಬಲೆಗೆ ನಡೆಯುತ್ತಾರೆ.